ಎರಡು ಕುರಿಯ ಟ್ರಾಂಬೋನು

ಅದಿಯಮಾನ್‌ಕೋಟೆಯ ಪಾಪಮ್ಮನ ಮನೆಯಲ್ಲಿ ಆರಾದ ಮೇಲೆ ನೇರ ಎಂಟು ಬರುತ್ತಿರಲಿಲ್ಲ ನಿಜ, ಆದರೆ ನಡುವಿನ ಅಂಕಿಯನ್ನು ಯಾರೂ ಬಾಯಿಬಿಟ್ಟು ಅನ್ನುತ್ತಲೂ ಇರಲಿಲ್ಲ. 'ಆರರ ಮೇಲೊಂದು' ಎನ್ನಬೇಕು. ರಾಗಿ ಅಳೆಯುವಾಗಲೂ ಅಷ್ಟೇ, ಕುರಿ ಎಣಿಸುವಾಗಲೂ ಅಷ್ಟೇ. ಮಾಲತಿ ಸೊಸೆಯಾಗಿ ಬಂದ ಹೊಸತರಲ್ಲಿ ಬಾಯಿ ತಪ್ಪಿ ಆ ಅಂಕಿಯನ್ನು ಅಂದುಬಿಟ್ಟಿದ್ದಳು. ಅತ್ತೆ ಅವಳ ಕೈಯಿಂದ ಸೇರು ಕಿತ್ತುಕೊಂಡು, ರಾಗಿಯನ್ನೆಲ್ಲ ಚೀಲಕ್ಕೆ ಸುರಿದು ಮೊದಲಿನಿಂದ ಅಳೆದಿದ್ದಳು.

ತಮಿಳರ ನಡುವಿನ ಆ ಸೀಮೆಯ ಕನ್ನಡದಲ್ಲಿ ಹಕಾರ ನಾಲಿಗೆಗೆ ಭಾರ. ಹೋಗು ಎನ್ನುವುದು ಓಗು ಆಗುತ್ತದೆ, ಹೇಳು ಎನ್ನುವುದು ಏಳು ಆಗುತ್ತದೆ. ಹೀಗಾಗಿ ಏಳು ಎನ್ನುವ ಒಂದೇ ಮಾತಿಗೆ ಮೂರು ಕೆಲಸ. ಅದು ಎಣಿಕೆಗೂ ಬೇಕು, ಮಲಗಿದವರನ್ನು ಎಬ್ಬಿಸಲಿಕ್ಕೂ ಬೇಕು, ಸುಮ್ಮನಿದ್ದವರ ಬಾಯಿ ಬಿಡಿಸಲಿಕ್ಕೂ ಬೇಕು. ಬೇರೆ ಮನೆಗಳಲ್ಲಿ ಇದು ನಗುವಿನ ಸಂಗತಿ. ಪಾಪಮ್ಮನ ಮನೆಯಲ್ಲಿ ಈ ಮಾತಿಗೆ ಒಮ್ಮೆ ಹೆಣ ದನಿಗೊಟ್ಟಿತ್ತು.

ಪಾಪಮ್ಮನ ಗಂಡ ಶಿವಣ್ಣ ತೀರಿಕೊಂಡಾಗ ಮಗ ಗೋವಿಂದರಾಜು ಇನ್ನೂ ಒಂಬತ್ತರ ಹುಡುಗ. ಪಡಸಾಲೆಯಲ್ಲಿ ಮಲಗಿಸಿದ್ದ ಅಪ್ಪನ ಎದೆಯ ಮೇಲೆ ಎರಡೂ ಕೈಯೂರಿ, ಮುಖದ ಹತ್ತಿರ ಬಾಗಿ, "ಏಳಪ್ಪಾ" ಎಂದ. ಹೆಣದ ಬಾಯಿಂದ ತಗ್ಗು ದನಿಯಲ್ಲಿ ಉದ್ದಕ್ಕೆ ಒಂದು ಸದ್ದು ಬಂತು. ಹೆಂಗಸರು ಚೀರುತ್ತಾ ಅಂಗಳಕ್ಕೆ ಓಡಿದರು. ಯಾರೋ ಹಿರಿಯರು ದವಡೆಗೆ ಬಟ್ಟೆ ಬಿಗಿದು, ಬರಬೇಕಾದ ನೆಂಟರಿಗೂ ಕಾಯದೆ ಎತ್ತಿಸಿಬಿಟ್ಟರು. ಏಳು ಎಂದದ್ದಕ್ಕೆ ಏಳಲು ಹೊರಟವನನ್ನು ಅರ್ಧಕ್ಕೆ ಮಲಗಿಸಿದ್ದೇವೆ, ಇನ್ನು ಆ ಮಾತು ಈ ಮನೆಯಲ್ಲಿ ಬೇಡ ಎಂದು ಊರು ತೀರ್ಮಾನಿಸಿತು. ಪಾಪಮ್ಮ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಎಣಿಕೆ ಬದಲಿಸಿಕೊಂಡಳು.

ತೊಂಬತ್ತೈದರ ಬೇಸಿಗೆಯ ಹೊತ್ತಿಗೆ ಗೋವಿಂದರಾಜು ತಲೆ ನರೆತ ಗಂಡಸು. ಮನೆಯ ಮುಂಭಾಗದಲ್ಲಿ ಹಿಟ್ಟಿನ ಮಿಷನ್ ಇಟ್ಟಿದ್ದ. ದಿನವಿಡೀ ಗಡಗಡ ಸದ್ದಿನಲ್ಲಿ ಬದುಕುವ ಆಸಾಮಿಗೆ ಬೇರೆ ಯಾವ ಸದ್ದೂ ಆಗುತ್ತಿರಲಿಲ್ಲ. ರೇಡಿಯೋ ಕೂಡ ಮನೆಗೆ ಬಂದಿರಲಿಲ್ಲ. ಇಂಥವನಿಗೆ ಹುಟ್ಟಿದ ಒಬ್ಬಳೇ ಮಗಳಿಗೆ ಮಾಲತಿ ಹಠ ಹಿಡಿದು ಸಂಗೀತಾ ಎಂದು ಹೆಸರಿಟ್ಟಳು. ಹೆಸರು ಸುಮ್ಮನೆ ಕೂರುತ್ತದೆಯೇ?

ಸೇಲಂನ ಹಾಸ್ಟೆಲಿನಲ್ಲಿದ್ದು ಓದುವಾಗ ಸಂಗೀತಾ ಶಾಲೆಯ ಬ್ಯಾಂಡಿಗೆ ಸೇರಿದಳು. ಉಳಿದ ಹುಡುಗಿಯರು ಹಗುರವಾದದ್ದನ್ನೆಲ್ಲ ಆರಿಸಿಕೊಂಡ ಮೇಲೆ ಇವಳ ಪಾಲಿಗೆ ಟ್ರಾಂಬೋನು ಉಳಿಯಿತು. ಉದ್ದ ಕೊಳವೆಯ ಹಿತ್ತಾಳೆ ವಾದ್ಯ, ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಅದರ ಸ್ಲೈಡನ್ನು ಮುಂದಕ್ಕೆ ಹಿಂದಕ್ಕೆ ಜಾರಿಸುತ್ತಾ ಊದಬೇಕು. ಓದು ಮುಗಿಯಿತು, ವಾದ್ಯ ಶಾಲೆಯಲ್ಲೇ ಉಳಿಯಿತು. ಹುಡುಗಿ ಊರಿಗೆ ಬಂದು ಎರಡು ವರ್ಷದಿಂದ ಅಪ್ಪನ ಮಿಷನ್ನಿನಲ್ಲಿ ಹಿಟ್ಟು ತೂಗುತ್ತಿದ್ದಳು. ತೂಗುವಾಗಲೂ ಬಲಗೈ ತನ್ನಷ್ಟಕ್ಕೆ ಗಾಳಿಯಲ್ಲಿ ಜಾರುವುದನ್ನು ಮಾಲತಿ ಕಂಡಿದ್ದಳು, ಕಂಡು ಮರುಗಿದ್ದಳು.

ಬೇಸಿಗೆಯ ಸುರುವಿನಲ್ಲಿ ಶಾಲೆಯ ಬ್ಯಾಂಡ್ ಕಲಿಸಿದ್ದ ಗಿಲ್ಬರ್ಟ್ ಮಾಸ್ಟರು ಹೇಳಿ ಕಳಿಸಿದರು. ಅವರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಸೇಲಂ ಮೇಲಿನ ಬೆಟ್ಟದೂರು ಏರ್ಕಾಡಿನ ಒಂದು ಹೋಟೆಲಿನಲ್ಲಿ ಸೀಜನ್ ಮುಗಿಯುವ ತನಕ ಭಾನುವಾರದ ಮಧ್ಯಾಹ್ನ ಟೀ ಕುಡಿಯುವವರ ಮುಂದೆ ಜಾಝ್ ನುಡಿಸಲು ಅವರನ್ನು ಕೇಳಿದ್ದರು. ಅವರದು ಕ್ಲಾರಿನೆಟ್, ಅವರ ಹೆಂಡತಿಯದು ಪಿಯಾನೋ. ಒಂದು ಟ್ರಾಂಬೋನು ಬೇಕು.

ಮುದ್ದೆ, ಹುರುಳಿ ಸಾರಿನ ಮುಂದೆ ಸಂಗೀತಾ ವಿಷಯ ಎತ್ತಿದಳು.

"ಮೇ ತಿಂಗಳ ಮೊದಲ್ನೇ ಭಾನುವಾರ ಸ್ವಂತ ವಾದ್ಯ ತಕಂಡು ಬಂದ್ರೆ ಜಾಗ ನಂದು. ಇಲ್ದಿದ್ರೆ ಬೆಂಗ್ಳೂರಿಂದ ಯಾರನ್ನೋ ಕರೆಸ್ತಾರಂತೆ."

"ಬ್ಯಾಡ," ಎಂದ ಗೋವಿಂದರಾಜು.

"ಯಾಕಪ್ಪಾ?"

"ನಮ್ಮನೇಲಿ ಊದೋದು ಒಲೆ ಮಾತ್ರ."

"ಎರಡು ವರ್ಷದಿಂದ ಉಡುಗಿ ಮುಖದ ಮೇಲೆ ರಾಗಿ ಇಟ್ಟು ಬಿಟ್ರೆ ಬೇರೇನೂ ನಾನು ಕಂಡಿಲ್ಲ," ಮಾಲತಿ ಸಾರಿನ ಸೌಟನ್ನು ಪಾತ್ರೆಗೆ ಕುಕ್ಕಿದಳು. "ಮಾಸ್ಟರ ಎಂಡ್ತೀನೂ ಇರ್ತಾರೆ. ಸಾಯಂಕಾಲಕ್ಕೆ ಬಸ್ಸಿಳೀತಾಳೆ. ನಿಮಗೇನು ಕಷ್ಟ?"

ಪಾಪಮ್ಮ ಮುದ್ದೆ ಮುರಿಯುತ್ತಾ ಕೇಳಿದಳು. "ಜಾಸು ಅಂದ್ರೆ ಏನೇ? ಜಾಸ್ತಿ ಊದೋದಾ?"

"ಅರ್ಧ ಬರ್ದಿದ್ದನ್ನ ಊದೋದು ಅಜ್ಜಿ, ಮಿಕ್ಕಿದ್ದು ನಮಗೆ ತೋಚಿದಂಗೆ."

"ನಮ್ಮ ಪೂಜಾರಿ ಮಂತ್ರ ಅಂಗೇ ಐತೆ. ಅದೆಷ್ಟು ಕುರಿ ಆಯ್ತದೆ?"

ಪಾಪಮ್ಮನ ಲೆಕ್ಕವೆಲ್ಲ ಕುರಿಯಲ್ಲೇ. ಮೊಮ್ಮಗಳು ಹೊಸದರ ಬೆಲೆ ಹೇಳಿದಾಗ ಮುದುಕಿ ಹಟ್ಟಿಯ ಕಡೆ ನೋಡಿ, "ಅಟ್ಟೀನೇ ಓಯ್ತದೆ" ಎಂದಳು. ಆಮೇಲೆ ಕೈ ತೊಳೆಯುತ್ತಾ, "ಅಳೇದಿದ್ರೆ ನೋಡು. ಎರಡು ಕುರಿ ಕೊಟ್ಟೇನು, ಮೂರನೇದು ಕೇಳಬ್ಯಾಡ" ಎಂದಳು. ಗೋವಿಂದರಾಜು ಅರ್ಧ ಮುದ್ದೆ ಬಿಟ್ಟು ಎದ್ದ. ಅವ್ವನ ಎದುರು ಮಾತಾಡಿ ಅಭ್ಯಾಸವಿಲ್ಲದವನು ತಟ್ಟೆಯ ಮೇಲೆ ಸಿಟ್ಟು ತೀರಿಸಿಕೊಂಡ.

ತಾಯಿ ಮಗಳು ಸೇಲಂಗೆ ಹೋದರು. ಹಳೆ ವಾದ್ಯದ ಅಂಗಡಿಯವನು ಮೊದಲು ತೋರಿಸಿದ ಟ್ರಾಂಬೋನಿಗೆ ಸ್ಲೈಡೇ ಇರಲಿಲ್ಲ, ತುತ್ತೂರಿಯ ಹಾಗೆ ಮೂರು ಗುಂಡಿ. ಮದುವೆ ಬ್ಯಾಂಡಿನವರಿಗೆ ಅದೇ ಸಲೀಸು. ಆದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಕೊಂಡು ಹೋಗುವುದರಲ್ಲೇ ಜಾಝ್‌ನ ರುಚಿ ಇರುವುದು, ಗುಂಡಿ ಒತ್ತಿ ಜಾರಲಿಕ್ಕಾಗುತ್ತದೆಯೇ? ಎರಡನೆಯದು ಮದುವಣಗಿತ್ತಿಯ ಹಾಗೆ ಥಳಥಳ ಹೊಳೆಯುತ್ತಿತ್ತು.

"ಪುದುಸು ಮಾದಿರಿ ಇರುಕ್ಕು ಪಾರುಂಗಮ್ಮಾ," ಹೊಸದರ ಹಾಗೇ ಇದೆ ಎಂದು ಅಂಗಡಿಯವನು ಮಾಲತಿಗೆ ಕೊಟ್ಟ. ಮಾಲತಿಗೆ ಅದರಲ್ಲಿ ತನ್ನ ಮುಖ ಕಂಡು ಖುಷಿಯಾಯಿತು.

ಸಂಗೀತಾ ಹೊಳಪು ನೋಡಲಿಲ್ಲ. ಗಂಟೆಯಂಥ ಬಾಯಿ ಜಜ್ಜಿದ್ದರೂ ಚಿಂತೆಯಿಲ್ಲ, ಬಣ್ಣ ಹೋದರೂ ಚಿಂತೆಯಿಲ್ಲ, ಸ್ಲೈಡ್ ಒಂದು ನೆಟ್ಟಗಿರಬೇಕು ಎಂದು ಮಾಸ್ಟರು ಹೇಳಿದ್ದರು. ಅವಳು ಸ್ಲೈಡನ್ನು ಮೆಲ್ಲಗೆ ಹೊರಗೆಳೆದಳು. ಅರ್ಧ ದಾರಿಯಾದ ಮೇಲೆ ಅದು ಮರಳು ತಿಂದ ಹಾಗೆ ಕರಕರ ಎಂದು ನಿಂತಿತು.

"ಇಲ್ಲಿಂದ ಆಚೆ ಓಗಲ್ವಲ್ಲ ಅಣ್ಣಾ."

"ಏಳಾವದು ಪೊಸಿಷನ್ ವರೆಕ್ಕುಂ ಯಾರಮ್ಮಾ ಪೋರಾಂಗ?" ಏಳನೆಯದರ ತನಕ ಯಾರು ಹೋಗುತ್ತಾರೆ ಎಂದು ಅವನು ನಕ್ಕ. ಟ್ರಾಂಬೋನಿನ ಸ್ಲೈಡಿಗೆ ಏಳು ನಿಲ್ದಾಣ, ಕೊನೆಯದಕ್ಕೆ ತೋಳು ಪೂರ್ತಿ ಚಾಚಬೇಕು. ಮಾಲತಿಗೆ ತಮಿಳಿನಲ್ಲಿ ಕೇಳಿದರೂ ಆ ಅಂಕಿ ಚುಚ್ಚಿತು. ಅವಳು ವಾದ್ಯವನ್ನು ಕೆಂಡದ ಹಾಗೆ ಗಲ್ಲಾದ ಮೇಲಿಟ್ಟಳು. ಹೊರಟವರ ಬೆನ್ನಿಗೆ ಅಂಗಡಿಯವನು, ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎನ್ನುವ ಅರ್ಥದ ತಮಿಳು ಗಾದೆಯೊಂದನ್ನು ಎಸೆದ.

ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ ಸಂಗೀತಾ ಮಾಸ್ಟರಿಗೆ ಫೋನ್ ಮಾಡಿದಳು. ಪೆನ್ನಾಗರದಲ್ಲಿ ರಾಜಗೋಪಾಲ್ ಎಂಬ ಬ್ಯಾಂಡಿನವನ ಬಳಿ ಸಪೂರ ಕೊಳವೆಯ ಟ್ರಾಂಬೋನು ಇತ್ತು, ಜಾಝ್‌ಗೆ ಅಂಥದ್ದೇ ಆಗಬೇಕು, ಅವನು ಹೋದ ವರ್ಷ ತೀರಿಕೊಂಡ, ಹೆಂಡತಿ ಇನ್ನೂ ಮಾರಿಲ್ಲ ಎಂದರು ಮಾಸ್ಟರು.

"ಸತ್ತೋರ ಎಂಜಲನ್ನ ಬಾಯಿಗೆ ಇಟ್ಕಂತೀಯೇನೇ?" ಮಾಲತಿ ಮುಖ ಸಿಂಡರಿಸಿದಳು.

"ಬದುಕಿರೋರ ಎಂಜಲಾದ್ರೆ ಪರವಾಯಿಲ್ವಾ ಅಮ್ಮಾ?"

ಪೆನ್ನಾಗರಕ್ಕೆ ಪಾಪಮ್ಮನೂ ಹೊರಟಳು. ಚೌಕಾಸಿ ಮಾಡಲು ಸೊಸೆಗೆ ಬಾರದು ಎಂಬುದು ಅವಳ ನಂಬಿಕೆ. ಸೊಸೆಗೆ ಏನು ಬರುತ್ತದೆ ಎಂದು ಅವಳು ಇದುವರೆಗೆ ಹೇಳಿದ್ದಿಲ್ಲ.

ರಾಜಗೋಪಾಲನ ಹೆಂಡತಿ ಕುಪ್ಪಮ್ಮ ಕನ್ನಡದವಳೇ. ಒಳಗೆ ಕರೆದಳು. ಮಂಚದ ಮೇಲೆ ಯಾರೋ ಹೊದ್ದು ಮಲಗಿದ್ದಾರೆಂದು ಮಾಲತಿ ಸೆರಗು ಸರಿಮಾಡಿಕೊಂಡಳು. ಕುಪ್ಪಮ್ಮ ದುಪ್ಪಟಿ ಸರಿಸಿದಳು. ಕಪ್ಪಿಟ್ಟ ಟ್ರಾಂಬೋನು, ಸ್ಲೈಡು ಕೊನೆಯ ತನಕ ಹೊರಗೆ ಬಂದಿತ್ತು.

"ಬೆಳಿಗ್ಗೆ ಒಳಕ್ಕೆ ತಳ್ಳಿ ಕೊಂಡಿ ಆಕ್ತೀನಿ," ಎಂದಳು ಕುಪ್ಪಮ್ಮ. "ಸಾಯಂಕಾಲ ಬಂದು ನೋಡಿದ್ರೆ ಇಂಗೆ ಕೈ ಚಾಚ್ಕಂಡಿರ್ತದೆ."

ಮಂಚದ ಒಂದು ಕಾಲು ಮೋಟಾಗಿದ್ದುದನ್ನು ಸಂಗೀತಾ ನೋಡಿದಳು. "ಕೊಂಡಿ ಸವೆದೈತೆ ಅಕ್ಕಾ, ಮಂಚಾನೂ ವಾಲೈತೆ. ಅದಕ್ಕೇ ಜಾರ್ತದೆ."

"ಅಂಗೇ ಇರ್ಲಿ ಬುಡವ್ವಾ," ಎಂದಳು ಕುಪ್ಪಮ್ಮ, ಮಕ್ಕಳ ಮಾತಿಗೆ ಒಪ್ಪುವವಳ ಹಾಗೆ.

ಸಂಗೀತಾ ವಾದ್ಯ ಎತ್ತಿ, ಸ್ಲೈಡನ್ನು ಬಿಚ್ಚಿ ಬೆಳಕಿಗೆ ಹಿಡಿದು ಕೊಳವೆಯುದ್ದಕ್ಕೂ ನೋಡಿದಳು. ಒಂದು ತಗ್ಗೂ ಇಲ್ಲ. ಮತ್ತೆ ಜೋಡಿಸಿ, ಮೇಲಿನ ತೂತಿಗೆ ಹೆಬ್ಬೆರಳೊತ್ತಿ ನೆಟ್ಟಗೆ ಎತ್ತಿ ಹಿಡಿದಳು. ಒಳಗಿನ ಗಾಳಿಯ ಬಿಗಿಗೆ ಸ್ಲೈಡು ಕೆಳಗೆ ಬೀಳದೆ ತೂಗಿ ನಿಂತಿತು. ಗಾಳಿ ಸೋರುವುದಿಲ್ಲ ಎಂಬುದಕ್ಕೆ ಅದೇ ಗುರುತು. ಹೆಬ್ಬೆರಳು ತೆಗೆದಳು. ಸ್ಲೈಡು ನುಣುಪಾಗಿ ಇಳಿಯಿತು, ಇಳಿಯುವಾಗ ಕೊಳವೆ ಉದ್ದಕ್ಕೆ ಒಂದು ಉಸಿರೆಳೆದುಕೊಂಡಿತು.

ಎಲೆ ಅಡಿಕೆ ಮೆಲ್ಲುತ್ತಿದ್ದ ಪಾಪಮ್ಮನ ಬಾಯಿ ನಿಂತಿತು. "ಇನ್ನೊಂದ್ಸಲ ಬುಡು," ಎಂದಳು.

ಸಂಗೀತಾ ಮತ್ತೆ ಬಿಟ್ಟಳು. ಪಾಪಮ್ಮ ಎದ್ದು ಹೊರಗೆ ಹೋಗಿ ಉಗುಳಿ ಬಂದಳು. ಚೌಕಾಸಿಗೆಂದೇ ಬಂದ ಮುದುಕಿ ಬಂದ ಮೇಲೆ ಬೆಲೆಯ ಮಾತೇ ಎತ್ತಲಿಲ್ಲ. ಕೊನೆಗೆ ಮಾಲತಿಯೇ ಕೇಳಬೇಕಾಯಿತು.

"ದುಡ್ಡು ಬ್ಯಾಡ. ಎರಡು ಕುರಿ ತಂದು ಕಟ್ಟಿ," ಎಂದಳು ಕುಪ್ಪಮ್ಮ. "ಇದು ಓದ್ರೆ ಮನೇಲಿ ಉಸಿರಾಡೋದು ಅಂತ ಏನಾದ್ರೂ ಬೇಕಲ್ಲ ನಂಗೆ."

ಎರಡು ಕುರಿಯ ಮಾತು ಅವಳಿಗೆ ಯಾರೂ ಹೇಳಿರಲಿಲ್ಲ. ಮಾಲತಿ ಅತ್ತೆಯ ಮುಖ ನೋಡಿದಳು. ಅತ್ತೆ ಟ್ರಾಂಬೋನಿನ ಮುಖ ನೋಡುತ್ತಿದ್ದಳು.

ಮನೆಗೆ ತಂದ ದಿನ ಪಾಪಮ್ಮ ತಾನೇ ಕೂತು ಊದುವ ಬಟ್ಟಲನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದಳು. ಎಂಜಲು ಹೋಯಿತೋ ಇಲ್ಲವೋ, ಹಿತ್ತಾಳೆ ಫಳಫಳ ಎಂದಿತು. ಸ್ಲೈಡು ಸಲೀಸಾಗಲು ಮುಖಕ್ಕೆ ಹಚ್ಚುವ ಕ್ರೀಮು ಸವರಿ ನೀರು ಚಿಮುಕಿಸಬೇಕಂತೆ. ಮಾಲತಿಯ ಕ್ರೀಮಿನ ಡಬ್ಬಿ ಎರಡೇ ದಿನದಲ್ಲಿ ಖಾಲಿ.

"ನನ್ನ ಮುಖಕ್ಕಿಲ್ದಿದ್ದು ಕೊಳವೆಗಾ?" ಎಂದು ಅವಳು ರೇಗಿದಳು, ಸಂತೆಯಲ್ಲಿ ಮತ್ತೊಂದು ಡಬ್ಬಿ ತಂದಳು.

ಮನೆಯೊಳಗೆ ಅದು ಬರಕೂಡದು ಎಂದ ಗೋವಿಂದರಾಜು. ಹಾಗಾಗಿ ಮಿಷನ್ನಿನ ಕೋಣೆಯ ಮೊಳೆಗೆ ನೇತುಹಾಕಿ, ಕೊಂಡಿ ಸವೆದಿದ್ದರಿಂದ ಸ್ಲೈಡನ್ನು ದಾರದಿಂದ ಕಟ್ಟಿದರು. ಮಿಷನ್ ಓಡುವಾಗ ಗೋಡೆಯೆಲ್ಲ ಅದುರುವುದು, ದಾರ ಸಡಿಲವಾಗುವುದು ಯಾರಿಗೂ ಹೊಳೆಯಲಿಲ್ಲ.

ಒಂದು ಮಧ್ಯಾಹ್ನ ಐದಾರು ಹೆಂಗಸರು ರಾಗಿ ಡಬ್ಬಿ ಇಟ್ಟುಕೊಂಡು ಕಾದಿದ್ದರು. ಕರೆಂಟು ಹೋಯಿತು. ಬೆಲ್ಟು ಸುತ್ತಿ ಸುತ್ತಿ ನಿಂತಿತು. ಸದ್ದು ಸತ್ತ ಕೋಣೆಯಲ್ಲಿ, ಹಿಟ್ಟಿನ ದೂಳು ಇನ್ನೂ ಇಳಿಯುತ್ತಿರುವಾಗ, ಮೂಲೆಯಿಂದ ಯಾರೋ ಉದ್ದಕ್ಕೆ ಉಸಿರೆಳೆದರು. ಆಮೇಲೆ ನೆಲಕ್ಕೆ ಟಕ್ ಎಂದಿತು.

"ಒಳಗೆ ಯಾರು ಮಲಗವ್ರೆ ಗೋವಿಂದಣ್ಣಾ?" ಎಂದಳು ಚಿನ್ನಕ್ಕ.

ಗೋವಿಂದರಾಜುವಿನ ಮುಖ ಹಿಟ್ಟಿಗಿಂತ ಬೆಳ್ಳಗಾಗಿತ್ತು. ಚಿನ್ನಕ್ಕ ಡಬ್ಬಿ ಎತ್ತಿಕೊಂಡಳು, ಅವಳ ಹಿಂದೆ ಉಳಿ‌ದವರೂ ಎದ್ದರು. ಸತ್ತ ಶಿವಣ್ಣನಿಗೆ ಮಿಷನ್ ಮನೆಯಲ್ಲಿ ಜಾಗ ಕೊಟ್ಟಿದ್ದಾರೆ ಎಂದು ಸಂಜೆಗೆಲ್ಲ ಊರು ಮಾತಾಡಿಕೊಂಡಿತು. ಆಮೇಲೆ ಮಿಷನ್ನಿಗೆ ಬರುವವರು ಕಡಿಮೆಯಾದರು. ಬಂದವರೂ ಡಬ್ಬಿ ಒಳಗೆ ತಳ್ಳಿ, ತಾವು ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದರು.

"ಅದು ವಾಪಸ್ ಓಗ್ಬೇಕು," ಎಂದ ಗೋವಿಂದರಾಜು ಊಟಕ್ಕೆ ಕೂತವನು.

"ಅಪ್ಪಾ, ದಾರ ಸಡಿಲಾಗಿ ಸ್ಲೈಡು ಇಳೀತು. ಅಷ್ಟೇ. ಬೇಕಾದ್ರೆ ತೋರಿಸ್ತೀನಿ ಬಾ."

"ತೋರಿಸಬ್ಯಾಡ!" ಅವನು ಕೂಗಿದ ರಭಸಕ್ಕೆ ತಟ್ಟೆ ಸರಿಯಿತು. ಇಷ್ಟು ಜೋರಾಗಿ ಅಪ್ಪ ಮಾತಾಡಿದ್ದನ್ನು ಸಂಗೀತಾ ಕೇಳಿರಲಿಲ್ಲ. ಅವಳಿಗೆ ಅಳು ಬಂತು, ಅತ್ತಳು. ಮಾಲತಿ ಗಂಡನ ಮೇಲೆ ಹರಿಹಾಯ್ದಳು.

"ಅವಳು ಬಾಯಿ ಬಿಟ್ಟು ಕೇಳಿರೋದು ಇದೊಂದೇ. ಅದನ್ನೂ ಕಿತ್ಕಂಡ್ರೆ ನಾನು ನಿಮ್ಮ ಸಂಗಡ ಮಾತು ಬಿಟ್ಟೆ ಅಂತ ತಿಳ್ಕಳಿ."

"ಕೊಟ್ಟ ಕುರಿ ವಾಪಸ್ ಕೇಳೋದು ನಮ್ಮ ಕುಲದಲ್ಲಿಲ್ಲ," ಎಂದಳು ಪಾಪಮ್ಮ. ಅಲ್ಲಿಗೆ ಮಾತು ಮುಗಿಯಿತು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಗೋವಿಂದರಾಜು ಆ ವಾರ ಊಟವನ್ನೂ ಬಿಟ್ಟ, ಮಾತನ್ನೂ ಬಿಟ್ಟ.

ಅತ್ತ ಸೇಲಂನಲ್ಲಿ ಮಾಸ್ಟರ ಮನೆಯಲ್ಲಿ ತಾಲೀಮು ನಡೆಯುತ್ತಿತ್ತು. ಹುಡುಗಿ ಚೆನ್ನಾಗಿ ನುಡಿಸಿದಳು. ಆದರೆ ಕೊನೆಯ ಹಾಡಿನ ಕೊನೆಗೆ, ಎಲ್ಲರೂ ನಿಲ್ಲಿಸಿದ ಮೇಲೆ ಟ್ರಾಂಬೋನು ಒಂದೇ ತಗ್ಗಿನ ಸ್ವರ ಹಿಡಿದು ನಿಲ್ಲಬೇಕು. ಸ್ಲೈಡು ಏಳನೆಯ ನಿಲ್ದಾಣಕ್ಕೆ ಹೋಗಬೇಕು. ಸಂಗೀತಾಳ ತೋಳು ಆರಕ್ಕೆ ಬಂದು ನಿಂತುಬಿಡುತ್ತಿತ್ತು.

"ತೋಳು ಸಾಲದೇನಮ್ಮಾ?"

"ಸಾಲುತ್ತೆ ಸರ್."

"ಮತ್ತೆ?"

ಹುಟ್ಟಿದಾಗಿನಿಂದ ಆ ಅಂಕಿಯನ್ನು ನುಂಗಿಕೊಂಡು ಬೆಳೆದವಳು ಇವರಿಗೆ ಏನೆಂದು ವಿವರಿಸುವುದು? ಅವಳು ಸ್ಲೈಡನ್ನು ಒಳಕ್ಕೆಳೆದುಕೊಂಡಳು. ಆ ಒಂದು ಸ್ವರ ಬಾರದಿದ್ದರೆ ತನಗೂ ಬೇರೆ ದಾರಿಯಿಲ್ಲ, ಬೆಂಗಳೂರಿನವನಿಗೆ ಹೇಳಿ ಕಳಿಸುತ್ತೇನೆ ಎಂದರು ಮಾಸ್ಟರು. ಬೈದು ಹೇಳಲಿಲ್ಲ, ಬೇಸರದಿಂದ ಹೇಳಿದರು.

ಮರುದಿನ ಕರೆಂಟಿರಲಿಲ್ಲ. ಗೋವಿಂದರಾಜು ಮಿಷನ್ ಕೋಣೆಯ ಬಾಗಿಲ ಬೆಳಕಿನಲ್ಲಿ ಕೂತು ಹರಿದ ಬೆಲ್ಟಿಗೆ ಹೊಲಿಗೆ ಹಾಕುತ್ತಿದ್ದ. ಸಂಗೀತಾ ಮೊಳೆಯಿಂದ ಟ್ರಾಂಬೋನು ಇಳಿಸಿಕೊಂಡಳು.

"ಅಪ್ಪಾ, ಒಂದೇ ಒಂದು ಸ್ವರ ಊದ್ಬೇಕು. ಅದು ಬರ್ದಿದ್ರೆ ನಾನು ಓಗೋ ಅಂಗಿಲ್ಲ. ನೀನು ಒಸಿ ಒತ್ತು ಒರಗೆ ಓಗ್ತೀಯಾ?"

ಅವನು ಹೋಗಲಿಲ್ಲ, ಊದು ಎನ್ನಲೂ ಇಲ್ಲ. ಸಂಗೀತಾ ಕಣ್ಣು ಮುಚ್ಚಿ, ತೋಳನ್ನು ಹೆಗಲು ನೋಯುವಷ್ಟು ಚಾಚಿ ಊದಿದಳು. ತಗ್ಗಿನ, ಒರಟಾದ, ಉದ್ದನೆಯ ಒಂದು ದನಿ ಕೋಣೆ ತುಂಬಿತು. ಖಾಲಿ ಡಬ್ಬಿಗಳು ಜುಮ್ಮೆಂದವು.

ಗೋವಿಂದರಾಜುವಿನ ಕೈಯಿಂದ ದಬ್ಬಳ ಬಿತ್ತು.

"ಇದೇ," ಎಂದ. "ಇದೇ ದನಿ."

ಸಂಗೀತಾ ಥಟ್ಟನೆ ನಿಲ್ಲಿಸಿದಳು.

"ಅವತ್ತು ನಾನು ಎದ್ದು ಕೂತ್ಕೋ ಅಂದಿರ್ಲಿಲ್ಲ ಮಗಾ. ಮಾತಾಡು ಅಂದಿದ್ದೆ. ಊರೆಲ್ಲಾ ಬೇರೆ ತಿಳ್ಕಂತು. ಯಾರೂ ನನ್ನ ಕೇಳ್ಲಿಲ್ಲ." ಗೋವಿಂದರಾಜು ಮಗಳನ್ನು ನೋಡದೆ ಬೆಲ್ಟನ್ನು ನೋಡುತ್ತಾ ಹೇಳುತ್ತಿದ್ದ. "ಅಪ್ಪ ಜೀವ ಓಗೋ ಮುಂಚೆ ನನ್ನ ಕಡೆ ನೋಡಿ, 'ಗೋವಿಂದಾ, ನೀನು' ಅಂದ. ಅಷ್ಟಕ್ಕೇ ನಿಲ್ಲಿಸ್ಬಿಟ್ಟ. ಮಿಕ್ಕಿದ್ದೇನು ಅಂತ ಕೇಳ್ದೆ. ಉತ್ತರ ಬತ್ತಿತ್ತು. ಬರ್ತಿರುವಾಗ್ಲೇ ಬಾಯಿ ಕಟ್ಟಿಬಿಟ್ರು. ಅವತ್ತಿಂದ ಯಾವ ಸದ್ದು ಕೇಳಿದ್ರೂ, ಮಿಕ್ಕಿದ್ದು ಈಗ ಬತ್ತದೇನೋ ಅಂತ ಎದೆ ಅದುರ್ತದೆ."

ಸಂಗೀತಾಳಿಗೆ ಅಪ್ಪನ ಮೇಲಿದ್ದ ಸಿಟ್ಟೆಲ್ಲ ಕರಗಿಹೋಯಿತು.

"ಈ ಸಲ ಪೂರ್ತಿ ಊದು," ಎಂದ ಅವನು. "ನಡುವೆ ನಿಲ್ಲಿಸಬ್ಯಾಡ."

ಅವಳು ಎದೆ ತುಂಬ ಉಸಿರು ತುಂಬಿಕೊಂಡು ಊದಿದಳು. ದನಿ ತಗ್ಗಿನಲ್ಲೇ ಹೋಯಿತು, ಹೋಗುತ್ತಲೇ ಇತ್ತು. ಉಸಿರು ತೀರುವ ತನಕ ಬಿಡಲಿಲ್ಲ. ಗೋವಿಂದರಾಜು ಬಾಯಿ ತೆರೆದುಕೊಂಡು ಕೇಳಿದ.

ಹಿತ್ತಲಿನ ಹಟ್ಟಿಯಿಂದ ಒಂದು ಹೆಣ್ಣು ದನಿ ಬಂತು. "ಬಂದೇ, ಇರಿ!"

ಇಬ್ಬರೂ ಹಿತ್ತಲಿನ ಕಡೆ ತಿರುಗಿದರು. ಆ ಮನೆಯಲ್ಲಿ ಪಾಪಮ್ಮ ಯಾರನ್ನೂ 'ಇರಿ' ಎಂದು ಬಹುವಚನದಲ್ಲಿ ಮಾತಾಡಿಸುವವಳಲ್ಲ. ಹಾಗೆ ಮಾತಾಡಿಸಬೇಕಾದವನು ಹೋಗಿ ಮೂವತ್ತೈದು ವರ್ಷದ ಮೇಲಾಗಿತ್ತು. ಮುದುಕಿ ತಲೆಯ ಮೇಲೆ ಸೆರಗು ಹೊದ್ದು, ಕೈಯೊರೆಸಿಕೊಳ್ಳುತ್ತಾ ಅವಸರದಿಂದ ಬಂದಳು. ಅವಳ ಹಿಂದೆ ಮಾಲತಿ ಓಡಿಬಂದಳು. ಹೊಸ್ತಿಲಲ್ಲಿ ಪಾಪಮ್ಮ ನಿಂತು ಮಗನನ್ನು, ಮೊಮ್ಮಗಳನ್ನು, ಟ್ರಾಂಬೋನನ್ನು ನೋಡಿ ಮೆಲ್ಲಗೆ ಚೀಲದ ಮೇಲೆ ಕೂತಳು.

"ಅವ್ವಾ," ಎಂದ ಗೋವಿಂದರಾಜು, "ಅವತ್ತು ಅಪ್ಪ ಅಂದಿದ್ದು..."

"ಅದು ನಿಂಗಲ್ಲ ಕಣೋ," ಎಂದಳು ಪಾಪಮ್ಮ. "ನನ್ನ ಕರೆದಿದ್ದು. ನಿಮ್ಮಪ್ಪ ಯಾವತ್ತು ನನ್ನ ಎಸರಿಡಿದು ಕರ್ದವ್ನೆ? ಒಲದಿಂದ ಬಂದು ಒಸ್ಲಲ್ಲಿ ನಿಂತು ಇಂಗೇ ಊಂ ಅನ್ನೋನು. ನಾನು ಎಲ್ಲಿದ್ರೂ ಓ ಅನ್ನೋಳು. ಅವತ್ತು ಓ ಅನ್ನಾಕೆ ಓದೆ. ಇಬ್ಬರು ನನ್ನ ಬಾಯಿ ಮುಚ್ಚಿ ಇಡ್ಕಂಡ್ರು. ಎಣ ಕರೆದ್ರೆ ಓ ಅನ್ನಬಾರ್ದಂತೆ."

"ಅಂಗಾದ್ರೆ ನಂಗೆ ಅಂತ ಏನೂ ಅನ್ಲಿಲ್ವಾ?"

"ಸಾಯೋರಿಗೆ ಎಲ್ಲಾ ಮಾತೂ ಮುಗ್ಸಾಕೆ ಆಗಾಕಿಲ್ಲ ಮಗಾ. ನಿನ್ನ ಎಸರಾದ್ರೂ ಬಾಯಲ್ಲಿ ಬಂತು. ನಂಗೆ ಅದೂ ಇಲ್ಲ."

ಗೋವಿಂದರಾಜು ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತ. ತನ್ನದಲ್ಲದ ಮಾತಿಗೆ ಇಷ್ಟು ಕಾಲ ಕಾದಿದ್ದ. ಅತ್ತು ಮುಗಿದ ಮೇಲೆ ಅವನ ಭುಜ ಇಳಿದದ್ದು ಮಾಲತಿಗೆ ಕಂಡಿತು. ಮದುವೆಯಾದಾಗಿನಿಂದ ಆ ಭುಜ ಸೆಟೆದೇ ಇತ್ತು.

"ಏರ್ಕಾಡಿಗೆ ಬಸ್ಸು ಎಷ್ಟೊತ್ತಿಗೆ?" ಎಂದು ಕೇಳಿದ ಮಗಳನ್ನು.

ಮಾಲತಿಗೆ ಈಗ ಬೇರೆಯೇ ಭಯ ಹಿಡಿಯಿತು. "ಅತ್ತೆ, ಇವಳು ವಾರವಾರ ಇದನ್ನೂದ್ತಾಳೆ. ನೀವು ವಾರವಾರ ಬಂದೇ ಬಂದೇ ಅಂತ ಒಂಟ್ರೆ?"

ಪಾಪಮ್ಮ ನಕ್ಕಳು. "ಓ ಅನ್ನೋದು ಬೇರೆ, ಓಗೋದು ಬೇರೆ ಕಣೇ."

ಭಾನುವಾರ ಬೆಳಿಗ್ಗೆ ಅಪ್ಪ ಮಗಳು ಹೊರಟರು. ಮಿಷನ್ನಿಗೆ ಬೀಗ ಹಾಕಿ, ಇಸ್ತ್ರಿ ಶರಟು ಹಾಕಿಕೊಂಡು, ದುಪ್ಪಟಿಯಲ್ಲಿ ಸುತ್ತಿದ ಟ್ರಾಂಬೋನನ್ನು ಗೋವಿಂದರಾಜು ತಾನೇ ಎತ್ತಿಕೊಂಡ. ಕಂಡಕ್ಟರು ಏನದು ಎಂದು ಕೇಳಿದರೆ ಏನನ್ನುವುದು ಎಂದು ಬಸ್ ಸ್ಟಾಪಿನವರೆಗೂ ಮಗಳನ್ನು ಪೀಡಿಸಿದ.

ಮನೆಯಲ್ಲಿ ಅತ್ತೆ ಸೊಸೆ ಉಳಿದರು. ಮಧ್ಯಾಹ್ನ ಜಗಲಿಯಲ್ಲಿ ಕೂತು ಹುರುಳಿಕಾಳಿನ ಕಲ್ಲು ಆರಿಸುತ್ತಿದ್ದರು. ಗಾಳಿ ಇರಲಿಲ್ಲ, ಬೇವಿನ ಎಲೆಯೂ ಅಲ್ಲಾಡುತ್ತಿರಲಿಲ್ಲ. ಕುರಿಗಳು ಒಮ್ಮೆಲೇ ಮೆಲುಕು ನಿಲ್ಲಿಸಿ ಒಂದೇ ಕಡೆಗೆ ತಲೆ ಎತ್ತಿದವು. ಪಾಪಮ್ಮನ ಕೈಯೂ ಮೊರದ ಮೇಲೆ ನಿಂತಿತು. ಅವಳು ತಲೆಯ ಮೇಲೆ ಸೆರಗೆಳೆದುಕೊಂಡು, "ಓ" ಎಂದಳು. ಆಮೇಲೆ ಬೇಲಿಯಾಚೆ ನಿಂತವರ ಜೊತೆ ಮಾತಾಡುವ ಹಾಗೆ ಸಣ್ಣ ದನಿಯಲ್ಲಿ ಏನೋ ಅಂದು, ತಲೆಯಾಡಿಸಿ, ಮತ್ತೆ ಕಲ್ಲು ಆರಿಸತೊಡಗಿದಳು.

ಮಾಲತಿಗೆ ಏನೂ ಕೇಳಿಸಿರಲಿಲ್ಲ. ಹುಡುಗಿ ಅಲ್ಲಿ ಕೊನೆಯ ಸ್ವರ ಊದಿರಬೇಕು, ಇಲ್ಲಿ ಮುದುಕಿಯ ಕಿವಿಗೆ ಅದು ಮುಟ್ಟಿರಬೇಕು ಎಂದುಕೊಂಡಳು. ಭಯವಾಯಿತು, ಆದರೆ ಮಗಳ ತೋಳು ಕೊನೆಗೂ ಅಲ್ಲಿಯ ತನಕ ಹೋಯಿತಲ್ಲ ಎಂದು ಹೆಮ್ಮೆಯೂ ಆಯಿತು.

ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಬಂದರು. ಸಂಗೀತಾಳ ಮುಖ ಅರಳಿತ್ತು. ಮಾಸ್ಟರು ಸೀಜನ್ ಪೂರ್ತಿ ಜಾಗ ಅವಳದೇ ಎಂದಿದ್ದರು. ಗೋವಿಂದರಾಜು ಕಾಲು ತೊಳೆಯುವ ಮೊದಲೇ ಬಾಯಿ ಬಿಟ್ಟ. ಹೋಟೆಲಿನ ಹುಲ್ಲುಹಾಸು, ಛತ್ರಿ ಕಟ್ಟಿದ ಮೇಜುಗಳು, ಮಗಳು ಊದುವಾಗ ಟೀ ಲೋಟ ಕೆಳಗಿಟ್ಟು ಕೇಳಿದ ದೊಡ್ಡವರು. ಈ ಮನುಷ್ಯನೊಳಗೆ ಇಷ್ಟೊಂದು ಮಾತು ಎಲ್ಲಿತ್ತೋ.

ಮುದ್ದೆ ಬಡಿಸುತ್ತಾ ಮಾಲತಿ ಕೇಳಿದಳು. "ಆ ಕೊನೇ ಸ್ವರ ಎಂಗ್ ಬಂತೇ?"

"ಅಯ್ಯೋ, ಊದ್ಲೇ ಇಲ್ಲಮ್ಮಾ! ಕೊನೇ ಆಡು ಸುರುಮಾಡೋ ಮುಂಚೆ ಮಳೆ ಬಂತು. ಜನ ಎಲ್ಲಾ ಒಳಗೆ ಓಡಿದ್ರು. ಮಾಸ್ಟರು ಸಾಕು, ಮಿಕ್ಕಿದ್ದು ಮುಂದಿನ ವಾರ ಅಂದ್ರು."

"ಊಂ," ಎಂದ ಗೋವಿಂದರಾಜು, "ನಾನೇ ದುಪ್ಪಟೀಲಿ ಸುತ್ತಿ ಎತ್ಕಂಡು ಓಡ್ದೆ."

ಮಾಲತಿಯ ಕೈಯಲ್ಲಿದ್ದ ಸೌಟು ಗಾಳಿಯಲ್ಲೇ ನಿಂತಿತು. ಸಾರು ತೊಟ್ಟಿಕ್ಕಿ ನೆಲಕ್ಕೆ ಬಿತ್ತು. ಅಪ್ಪ ಮಗಳು ಮಳೆಯ ಮಾತಿನಲ್ಲಿ ಮುಳುಗಿದ್ದರು, ಅವರು ನೋಡಲಿಲ್ಲ. ಮಾಲತಿ ಅತ್ತೆಯ ಕಡೆ ತಿರುಗಿದಳು. ಪಾಪಮ್ಮ ತಟ್ಟೆ ಮುಂದೆ ಸರಿಸಿದಳು.

"ಸಾರು ಬುಡೇ," ಎಂದಳು. ಸೊಸೆ ಬಾಗಿದಾಗ, ಅವಳೊಬ್ಬಳಿಗೇ ಕೇಳುವ ಹಾಗೆ ಹೇಳಿದಳು. "ಗಾಬರಿ ಬೀಳಬ್ಯಾಡ. ಉಡುಗಿ ಸೀಜನ್ನು ಮುಗೀಲಿ, ಅಲ್ಲಿಗಂಟ ಇರಿ ಅಂದಿವ್ನಿ."